ಡೊಮೇನ್ ದುಡ್ಡೊಂದೇ ಖರ್ಚು: ಉಚಿತ ಸೇವೆಗಳ ಮೇಲೆ ಸಾಫ್ಟ್‌ವೇರ್ ವ್ಯಾಪಾರ ಶುರು ಮಾಡುವ ಸಮಗ್ರ ಮಾರ್ಗದರ್ಶಿ

ಕೋಡ್ ಬರೆಯಲು ಬರುತ್ತದೆ, ಕೈಯಲ್ಲಿ ಬಂಡವಾಳ ಇಲ್ಲ. ಈ ಸ್ಥಿತಿಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸರ್ವರ್, ಡೇಟಾಬೇಸ್, ಲಾಗಿನ್, ಇಮೇಲ್ ಹೀಗೆ ಸಣ್ಣ ಸಾಫ್ಟ್‌ವೇರ್ ವ್ಯಾಪಾರಕ್ಕೆ ಬೇಕಾದ್ದೆಲ್ಲ ಇವತ್ತು ಒಂದು ಮಿತಿಯವರೆಗೆ ಪುಕ್ಕಟೆ ಸಿಗುತ್ತದೆ. ಆದರೆ ಯಾವುದು ವ್ಯಾಪಾರಕ್ಕೂ ಉಚಿತ, ಯಾವುದು ಕಲಿಯುವವರಿಗೆ ಮಾತ್ರ ಉಚಿತ, ಯಾವುದು ಒಂದು ವಾರ ಯಾರೂ ಬಳಸದಿದ್ದರೆ ನಿಂತೇ ಹೋಗುತ್ತದೆ ಅನ್ನುವುದು ನಿಯಮಗಳ ಪುಟದ ಒಳಗೆಲ್ಲೋ ಅಡಗಿರುತ್ತದೆ. ಅಲ್ಲೇ ಜಾಸ್ತಿ ಜನ ಎಡವುವುದು.

ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಪಾಠ ಹೇಳುವ ಟ್ಯೂಷನ್ ಸೆಂಟರ್. 200 ಮಕ್ಕಳು. ಫೀಸು ತಿಂಗಳಿಗೊಮ್ಮೆಯೋ ಕಂತಿನಲ್ಲೋ ಬರುತ್ತದೆ. ಲೆಕ್ಕ ಒಂದು ಉದ್ದನೆಯ ನೋಟ್‌ಬುಕ್‌ನಲ್ಲಿ, ರಸೀದಿ ಕಾರ್ಬನ್ ಹಾಳೆಯ ಪುಸ್ತಕದಲ್ಲಿ. ಯಾರದ್ದು ಬಾಕಿ ಇದೆ ಅಂತ ನೋಡಲು ಮೇಷ್ಟ್ರು ಪ್ರತಿ ತಿಂಗಳು ಪುಟ ತಿರುವುತ್ತಾ ಕೂರಬೇಕು. ಈ ಕೆಲಸ ಮಾಡಿಕೊಡುವ ಒಂದು ವೆಬ್ ಆ್ಯಪ್ ಮಾಡಿ, ವರ್ಷಕ್ಕೆ ₹3,000ಕ್ಕೆ ಮಾರುತ್ತೇವೆ ಅಂತ ಇಟ್ಟುಕೊಳ್ಳಿ. ನಿಮ್ಮ ಯೋಚನೆ ಡೈರಿ ಲೆಕ್ಕದ್ದೋ, ಬಾಡಿಗೆ ಶಾಮಿಯಾನದ್ದೋ ಆಗಿರಬಹುದು. ದಾರಿ ಹೆಚ್ಚುಕಮ್ಮಿ ಇದೇ.

ಉಚಿತ ಅನ್ನುವುದು ಎಷ್ಟು ದಿನ?

ಶುರು ಮಾಡುವ ಮೊದಲು ಸ್ವಲ್ಪ ಹಳೆಯ ಕಥೆ. ಆ್ಯಪ್‌ಗಳಿಗೆ ಪುಕ್ಕಟೆ ಬ್ಯಾಕೆಂಡ್ (ತೆರೆಯ ಹಿಂದಿನ ಸರ್ವರ್, ಡೇಟಾಬೇಸ್) ಕೊಡುತ್ತಿದ್ದ ಪಾರ್ಸ್ ಅನ್ನು 2013ರಲ್ಲಿ ಫೇಸ್‌ಬುಕ್ ಕೊಂಡಿತು, 2017ರ ಜನವರಿಯಲ್ಲಿ ಅದು ಮುಚ್ಚಿತು. ಒಂದು ತಲೆಮಾರಿನ ಡೆವಲಪರ್‌ಗಳು ಮೊದಲ ಆ್ಯಪ್ ಹಾಕಿದ್ದ ಹೆರೋಕು 2022ರ ನವೆಂಬರ್ 28ಕ್ಕೆ ಉಚಿತ ಪ್ಲಾನ್ ನಿಲ್ಲಿಸಿತು. ಪ್ಲಾನೆಟ್‌ಸ್ಕೇಲ್‌ನ ಉಚಿತ ಡೇಟಾಬೇಸ್ 2024ರ ಏಪ್ರಿಲ್‌ನಲ್ಲಿ ಹೋಯಿತು. ಪುಕ್ಕಟೆ ಡೊಮೇನ್ (ಸೈಟ್‌ನ ವಿಳಾಸದ ಹೆಸರು) ಹಂಚುತ್ತಿದ್ದ ಫ್ರೀನಾಮ್ 2023ರಲ್ಲಿ ಹೊಸ ನೋಂದಣಿ ನಿಲ್ಲಿಸಿ, ಮರುವರ್ಷ ಆ ವ್ಯಾಪಾರವನ್ನೇ ಬಿಟ್ಟಿತು.

ಇವರನ್ನು ಬೈದು ಪ್ರಯೋಜನವಿಲ್ಲ. ನಾಳೆ ನೀವು ದುಡ್ಡು ಕೊಡುವ ಗಿರಾಕಿ ಆಗುತ್ತೀರಿ ಅಂತ ಅವರು ಇವತ್ತು ಪುಕ್ಕಟೆ ಕೊಡುತ್ತಾರೆ, ಲೆಕ್ಕ ಸರಿ ಬರದಿದ್ದರೆ ನಿಲ್ಲಿಸುತ್ತಾರೆ. ಬಾಡಿಗೆ ಮನೆಯಲ್ಲಿ ಇದ್ದ ಹಾಗೆ ಇರಬೇಕು: ಗೋಡೆಗೆ ಮೊಳೆ ಹೊಡೆಯುವ ಮೊದಲು ಎರಡು ಸಲ ಯೋಚನೆ ಮಾಡಬೇಕು. ನಿಮ್ಮ ಸ್ವಂತದ್ದಾಗಿ ಇರಲೇಬೇಕಾದ್ದು ಡೊಮೇನ್, ಡೇಟಾದ ನಕಲು, ಗಿರಾಕಿಗಳ ಫೋನ್ ನಂಬರು. ಇವು ನಿಮ್ಮ ಕೈಲಿದ್ದರೆ ಯಾವ ಸೇವೆ ಮುಚ್ಚಿದರೂ ಒಂದು ವಾರದ ಕೆಲಸ ಅಷ್ಟೇ. ಮುಂದೆ ನಾನು ಒಂದು ಸೇವೆ ಬಿಟ್ಟು ಇನ್ನೊಂದನ್ನು ಹೇಳುವಾಗಲೆಲ್ಲ ಇದೇ ಕಾರಣ ಹಿಂದಿರುತ್ತದೆ.

ಇಲ್ಲಿ ಕೊಟ್ಟಿರುವ ಮಿತಿಗಳು ಆಗಾಗ ಬದಲಾಗುತ್ತವೆ. ಖಾತೆ ತೆರೆಯುವ ದಿನ ಬೆಲೆಪಟ್ಟಿಯ ಪುಟವನ್ನು ಒಮ್ಮೆ ನೋಡಿಕೊಳ್ಳಿ.

ಹಂತ 1: ಕೋಡ್‌ಗಿಂತ ಮೊದಲು ಗಿರಾಕಿ

ಮೊದಲ ಎರಡು ವಾರ ಕೋಡ್ ಬರೆಯಬೇಡಿ. ಗೂಗಲ್ ಶೀಟ್‌ನಲ್ಲಿ ಮಕ್ಕಳ ಪಟ್ಟಿ ಹಾಕಿ, ಒಬ್ಬ ಮೇಷ್ಟ್ರಿಗೆ ಒಂದು ತಿಂಗಳ ಲೆಕ್ಕ ನೀವೇ ಮಾಡಿಕೊಡಿ. ಫೀಸು ಬಂದಾಗ ಅವರು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಲಿ, ನೀವು ಶೀಟ್‌ಗೆ ಏರಿಸಿ. ತಿಂಗಳ 5ಕ್ಕೆ ಬಾಕಿ ಪಟ್ಟಿ ಕಳಿಸಿ.

ಇದರಲ್ಲಿ ಗೊತ್ತಾಗುವ ವಿಷಯಗಳು ಮನೆಯಲ್ಲಿ ಕೂತು ಹೊಳೆಯುವಂಥವಲ್ಲ. ಅಣ್ಣ ತಂಗಿ ಇಬ್ಬರೂ ಬಂದರೆ ಫೀಸಿನಲ್ಲಿ ರಿಯಾಯಿತಿ ಇರುತ್ತದೆ. ತಂದೆ ಒಂದೇ ಸಲ ಇಬ್ಬರದ್ದೂ ಸೇರಿಸಿ ₹1,500 ಹಾಕಿರುತ್ತಾರೆ, ಅದನ್ನು ಎರಡು ಹೆಸರಿಗೆ ಒಡೆಯಬೇಕು. ತಿಂಗಳ ಮಧ್ಯದಲ್ಲಿ ಸೇರಿದವರ ಲೆಕ್ಕ ಬೇರೆ. ಮೇಷ್ಟ್ರಿಗೆ ಗ್ರಾಫ್ ಬೇಡ, ಬಣ್ಣದ ಡ್ಯಾಶ್‌ಬೋರ್ಡ್ ಬೇಡ. ಬಾಕಿ ಇರುವವರ ಹೆಸರು, ಅಪ್ಪನ ನಂಬರು, ಮೊತ್ತ ಇಷ್ಟಿದ್ದರೆ ಸಾಕು.

ತಿಂಗಳು ಮುಗಿದ ಮೇಲೆ ದುಡ್ಡು ಕೇಳಿ. 'ಚೆನ್ನಾಗಿದೆ, ಮಾಡಿ ಮಾಡಿ' ಅಂತ ಹೇಳುವವರು ತುಂಬ ಸಿಗುತ್ತಾರೆ. ₹500 ಮುಂಗಡ ಕೊಟ್ಟವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಊರಿನ ಐದು ಸೆಂಟರ್‌ಗಳಲ್ಲಿ ಇಬ್ಬರೂ ಮುಂಗಡ ಕೊಡದಿದ್ದರೆ ಸಮಸ್ಯೆ ಇರುವುದು ಯೋಚನೆಯಲ್ಲಿ, ಯಾವ ಸರ್ವರ್ ಹಾಕಿದರೂ ಸರಿಹೋಗುವುದಿಲ್ಲ.

ಹಂತ 2: ಡೊಮೇನ್ ಮತ್ತು ಇಮೇಲ್

ಇಡೀ ಯೋಜನೆಯಲ್ಲಿ ದುಡ್ಡು ಕೊಟ್ಟೇ ತೆಗೆದುಕೊಳ್ಳಬೇಕಾದ್ದು ಡೊಮೇನ್ ಒಂದೇ. ಡಾಟ್ ಇನ್ ಡೊಮೇನ್ ವರ್ಷಕ್ಕೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲ ವರ್ಷದ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ನೋಡಿ. ಮೊದಲ ವರ್ಷ ₹99 ಅಂತ ಹಾಕಿ ಎರಡನೇ ವರ್ಷ ಹತ್ತು ಪಟ್ಟು ಕೇಳುವುದುಂಟು. ಖಾತೆ ನಿಮ್ಮದೇ ಹೆಸರಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ಇರಲಿ. ಗೆಳೆಯನ ಖಾತೆಯಲ್ಲಿ ತೆಗೆಸುವುದು ಬೇಡ.

ಇಮೇಲ್‌ಗೆ ಜೋಹೋ ಮೇಲ್‌ನ ಉಚಿತ ಪ್ಲಾನ್ ಸಾಕು. ಒಂದು ಡೊಮೇನ್, ಐದು ಜನ, ತಲಾ 5 ಜಿಬಿ. ಬ್ರೌಸರ್‌ನಲ್ಲಿ ಮತ್ತು ಅವರದೇ ಮೊಬೈಲ್ ಆ್ಯಪ್‌ನಲ್ಲಿ ಓದಬಹುದು, ಔಟ್‌ಲುಕ್‌ಗೆ ಜೋಡಿಸಲು ಆಗುವುದಿಲ್ಲ. ಬರುವ ಮೇಲ್ ನಿಮ್ಮ ಜಿಮೇಲ್‌ಗೆ ತಿರುಗಿದರೆ ಸಾಕು ಅನ್ನುವುದಾದರೆ ಕ್ಲೌಡ್‌ಫ್ಲೇರ್‌ನ ಇಮೇಲ್ ರೂಟಿಂಗ್ ಕೂಡ ಪುಕ್ಕಟೆ. ಡಿಎನ್‌ಎಸ್ (ಡೊಮೇನ್ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ದಾಖಲೆ) ಅನ್ನು ಕ್ಲೌಡ್‌ಫ್ಲೇರ್‌ಗೆ ತಂದುಬಿಡಿ, ಮುಂದೆ ಎಲ್ಲದಕ್ಕೂ ಅದೇ ಬೇಕಾಗುತ್ತದೆ.

ಹಂತ 3: ಕೋಡ್ ಎಲ್ಲಿ, ಸೈಟ್ ಎಲ್ಲಿ

ಕೋಡ್‌ಗೆ ಗಿಟ್‌ಹಬ್. ಖಾಸಗಿ ರೆಪೊ (ಕೋಡ್ ಇಡುವ ಪೆಟ್ಟಿಗೆ) ಎಷ್ಟು ಬೇಕಾದರೂ ಪುಕ್ಕಟೆ. ಇದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಪಾಸ್‌ವರ್ಡ್, ಕೀ ಇರುವ ಫೈಲನ್ನು ಮಾತ್ರ ಅಪ್ಪಿತಪ್ಪಿಯೂ ರೆಪೊಗೆ ಸೇರಿಸಬೇಡಿ. ಒಮ್ಮೆ ಸೇರಿದರೆ ಅಳಿಸಿದ ಮೇಲೂ ಹಿಸ್ಟರಿಯಲ್ಲಿ ಉಳಿಯುತ್ತದೆ, ಕೀ ಬದಲಿಸುವುದೊಂದೇ ದಾರಿ.

ಸೈಟ್ ಹಾಕುವ ಜಾಗದಲ್ಲಿ ಹುಷಾರು. ಯೂಟ್ಯೂಬ್‌ನಲ್ಲಿ ನೋಡಿದ ಪಾಠಗಳಲ್ಲಿ ಅರ್ಧಕ್ಕರ್ಧ ವರ್ಸೆಲ್‌ನಲ್ಲಿ ಹಾಕಿ ಅನ್ನುತ್ತವೆ. ವರ್ಸೆಲ್ ಒಳ್ಳೆಯದೇ, ಆದರೆ ಅದರ ಉಚಿತ ಹಾಬಿ ಪ್ಲಾನ್ ವೈಯಕ್ತಿಕ, ವ್ಯಾಪಾರವಲ್ಲದ ಬಳಕೆಗೆ ಮಾತ್ರ. ನೀವು ಮೊದಲ ಗಿರಾಕಿಯಿಂದ ₹500 ತಗೊಂಡ ದಿನವೇ ನಿಯಮ ಮುರಿದ ಹಾಗೆ. ಗಿಟ್‌ಹಬ್ ಪೇಜಸ್ ಕೂಡ ಆನ್‌ಲೈನ್ ವ್ಯಾಪಾರ ನಡೆಸುವುದಕ್ಕೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ರೆಂಡರ್‌ನ ಉಚಿತ ಸರ್ವರ್ 15 ನಿಮಿಷ ಯಾರೂ ಬರದಿದ್ದರೆ ಮಲಗುತ್ತದೆ, ಎಬ್ಬಿಸಲು ಒಂದು ನಿಮಿಷದ ಹತ್ತಿರ ಬೇಕು. ಮೇಷ್ಟ್ರ ಎದುರು ಅಪ್ಪ ದುಡ್ಡು ಹಿಡಿದುಕೊಂಡು ನಿಂತಿರುವಾಗ ಒಂದು ನಿಮಿಷ ಬಿಳಿ ಪರದೆ ತೋರಿಸಿದರೆ ಮರುದಿನ ಅವರು ರಸೀದಿ ಪುಸ್ತಕಕ್ಕೇ ವಾಪಸ್ ಹೋಗುತ್ತಾರೆ. ರೆಂಡರ್‌ನ ಉಚಿತ ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಂತೂ 30 ದಿನಕ್ಕೆ ಅವಧಿ ಮುಗಿಸುತ್ತದೆ.

ನನ್ನ ಸಲಹೆ ಕ್ಲೌಡ್‌ಫ್ಲೇರ್. ಅದರ ಪೇಜಸ್‌ನಲ್ಲಿ ತಿಂಗಳಿಗೆ 500 ಸಲ ಬಿಲ್ಡ್ ಮಾಡಬಹುದು (ಅಂದರೆ ಕೋಡ್‌ನಿಂದ ಸೈಟನ್ನು ಹೊಸದಾಗಿ ಕಟ್ಟಬಹುದು), ಸ್ಥಿರ ಫೈಲುಗಳಿಗೆ ಬ್ಯಾಂಡ್‌ವಿಡ್ತ್ ಲೆಕ್ಕವೇ ಇಲ್ಲ. ಸರ್ವರ್ ಕಡೆಯ ಸಣ್ಣ ಕೋಡ್‌ಗೆ ವರ್ಕರ್ಸ್ ಇದೆ, ದಿನಕ್ಕೆ 1,00,000 ಕೋರಿಕೆಗಳವರೆಗೆ ಪುಕ್ಕಟೆ. ಒಂದು ಕೋರಿಕೆಗೆ ಸಿಗುವ ಸಿಪಿಯು ಸಮಯ 10 ಮಿಲಿಸೆಕೆಂಡ್ ಮಾತ್ರ, ಹಾಗಾಗಿ ಭಾರದ ಕೆಲಸ ಅಲ್ಲಿ ಬೇಡ. ಲೆಕ್ಕ ಹಾಕಿ: 20 ಸೆಂಟರ್, ಪ್ರತಿಯೊಂದರಲ್ಲೂ ದಿನಕ್ಕೆ 300 ಕ್ಲಿಕ್ ಅಂದರೂ 6,000. ಮಿತಿ ಇನ್ನೂ ಎಷ್ಟೋ ದೂರ.

ಆ್ಯಪನ್ನು ಆದಷ್ಟು ಸರಳವಾಗಿ ಬರೆಯಿರಿ. ಬ್ರೌಸರ್‌ನಲ್ಲಿ ಓಡುವ ಪುಟಗಳು, ಹಿಂದೆ ಒಂದು ಡೇಟಾಬೇಸ್. ಒಂದೇ ಕಂಪನಿಯಲ್ಲಿ ಮಾತ್ರ ಓಡುವ ವಿಶೇಷ ಸೌಕರ್ಯಗಳನ್ನು ಜಾಸ್ತಿ ನೆಚ್ಚಿಕೊಂಡಷ್ಟೂ ಬಿಟ್ಟು ಹೋಗುವುದು ಕಷ್ಟ.

ಹಂತ 4: ಡೇಟಾಬೇಸ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಸೈಟ್ ಬಿದ್ದರೆ ಇನ್ನೊಂದು ಕಡೆ ಹಾಕಬಹುದು, ಡೇಟಾ ಹೋದರೆ ವ್ಯಾಪಾರವೇ ಹೋಯಿತು.

ಡೇಟಾಬೇಸ್ ಮತ್ತು ಲಾಗಿನ್ ಎರಡೂ ಕೊಡುವ ಸುಪಾಬೇಸ್ ಅನ್ನು ಆರಿಸಲು ನನ್ನ ಕಾರಣ ಒಂದೇ. ಅದರ ಒಳಗಿರುವುದು ಮಾಮೂಲಿ ಪೋಸ್ಟ್‌ಗ್ರೆಸ್. ಬೇಡ ಅನಿಸಿದ ದಿನ ಪೂರ್ತಿ ಡಂಪ್ (ಡೇಟಾದ ನಕಲು ಫೈಲ್) ತೆಗೆದು ಬೇರೆ ಯಾವ ಪೋಸ್ಟ್‌ಗ್ರೆಸ್‌ಗಾದರೂ ಸುರಿಯಬಹುದು. ಉಚಿತ ಪ್ಲಾನ್‌ನಲ್ಲಿ ಎರಡು ಪ್ರಾಜೆಕ್ಟ್, ತಲಾ 500 ಎಂಬಿ ಡೇಟಾಬೇಸ್, 1 ಜಿಬಿ ಫೈಲ್ ಜಾಗ, ತಿಂಗಳಿಗೆ 50,000 ಬಳಕೆದಾರರ ಲಾಗಿನ್ ಸಿಗುತ್ತದೆ. ಪ್ರಾಜೆಕ್ಟ್ ತೆರೆಯುವಾಗಲೇ ಪ್ರದೇಶ ಮುಂಬೈ ಅಂತ ಆರಿಸಿ. ಸುಮ್ನೆ ಮುಂದೆ ಮುಂದೆ ಅಂತ ಒತ್ತಿ ಅಮೆರಿಕಕ್ಕೆ ಹಾಕಿದರೆ ಪ್ರತಿ ಕ್ಲಿಕ್ಕೂ ನಿಧಾನ, ಆಮೇಲೆ ಬದಲಿಸಲು ಹೊಸ ಪ್ರಾಜೆಕ್ಟ್‌ಗೇ ಸಾಗಿಸಬೇಕು.

500 ಎಂಬಿ ಕಮ್ಮಿ ಅನಿಸುತ್ತದೆ ಅಲ್ವಾ? ಲೆಕ್ಕ ಮಾಡಿ ನೋಡಿ. ಒಂದು ಸೆಂಟರ್‌ನಲ್ಲಿ 200 ಮಕ್ಕಳು, ತಿಂಗಳಿಗೊಂದು ರಸೀದಿ ಅಂದರೆ ವರ್ಷಕ್ಕೆ 2,400 ಸಾಲು. ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಡುವ ಸೂಚಿ) ಸೇರಿಸಿ ಸಾಲಿಗೆ 500 ಬೈಟ್ ಹಿಡಿದರೆ 1.2 ಎಂಬಿ. ನೂರು ಸೆಂಟರ್ ಆದರೂ ವರ್ಷಕ್ಕೆ 120 ಎಂಬಿ. ಜಾಗ ತಿನ್ನುವುದು ಅಕ್ಷರವಲ್ಲ, ಫೋಟೋ. ಫೋನಲ್ಲಿ ತೆಗೆದ ಒಂದು ಚಿತ್ರ 3–4 ಎಂಬಿ ಇರುತ್ತದೆ, ಮುನ್ನೂರು ಹುಡುಗರ ಫೋಟೋಗೆ 1 ಜಿಬಿ ಮುಗಿಯಿತು. ಅದನ್ನು ಬ್ರೌಸರ್‌ನಲ್ಲೇ 100 ಕೆಬಿಗೆ ಇಳಿಸಿ ಏರಿಸಿದರೆ ಅದೇ ಜಾಗದಲ್ಲಿ ಹತ್ತು ಸಾವಿರ ಹಿಡಿಸುತ್ತದೆ. ಫೀಸಿನ ಲೆಕ್ಕಕ್ಕೆ ಫೋಟೋ ಯಾಕೆ ಬೇಕು ಅನ್ನುವುದು ಇನ್ನೂ ಒಳ್ಳೆಯ ಪ್ರಶ್ನೆ.

ಈಗ ಬೀಗದ ವಿಷಯ. ಸುಪಾಬೇಸ್‌ನಲ್ಲಿ ಬ್ರೌಸರ್ ನೇರವಾಗಿ ಡೇಟಾಬೇಸ್ ಜೊತೆ ಮಾತಾಡುತ್ತದೆ. ಅದಕ್ಕೆ ಕೊಡುವ ಸಾರ್ವಜನಿಕ ಕೀ ಯಾರಿಗೆ ಬೇಕಾದರೂ ಕಾಣುತ್ತದೆ: ಬ್ರೌಸರ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಅಂತ ಒತ್ತಿದರೆ ಸಾಕು. ಅದು ಇರಬೇಕಾದ್ದೇ ಹಾಗೆ. ಕಾಯುವ ಕೆಲಸ ರೋ ಲೆವೆಲ್ ಸೆಕ್ಯುರಿಟಿಯದ್ದು, ಅಂದರೆ ಯಾವ ಸಾಲು ಯಾರಿಗೆ ಕಾಣಬೇಕು ಅನ್ನುವ ನಿಯಮದ್ದು. ಒಂದು ಟೇಬಲ್‌ಗೆ ಅದನ್ನು ಹಾಕಲು ಮರೆತರೆ ಆ ಟೇಬಲ್‌ನಲ್ಲಿರುವ ಎಲ್ಲ ಮಕ್ಕಳ ಹೆಸರು, ಅಪ್ಪಂದಿರ ನಂಬರು ಊರಿಗೆಲ್ಲ ತೆರೆದಿಟ್ಟ ಹಾಗೆ.

ಮಾಡಬೇಕಾದ್ದು ಹೀಗೆ. ಪ್ರತಿ ಟೇಬಲ್‌ನಲ್ಲೂ 'ಸೆಂಟರ್ ಐಡಿ' ಅನ್ನುವ ಕಾಲಂ ಇರಲಿ. ಪ್ರತಿ ಟೇಬಲ್‌ಗೂ ಸೆಕ್ಯುರಿಟಿ ಆನ್ ಮಾಡಿ, 'ಲಾಗಿನ್ ಆದವರ ಸೆಂಟರ್ ಮತ್ತು ಸಾಲಿನ ಸೆಂಟರ್ ಒಂದೇ ಆಗಿದ್ದರೆ ಮಾತ್ರ ಕೊಡು' ಅನ್ನುವ ನೀತಿ ಬರೆಯಿರಿ. ಓದುವುದಕ್ಕೂ ಬರೆಯುವುದಕ್ಕೂ ಎರಡಕ್ಕೂ. ಆ ಕಾಲಂಗೆ ಇಂಡೆಕ್ಸ್ ಹಾಕಿ. ಆಮೇಲೆ ಪರೀಕ್ಷೆ: ಎರಡು ಸುಳ್ಳು ಸೆಂಟರ್ ಮಾಡಿ. ಒಂದನೆಯದರಲ್ಲಿ ಲಾಗಿನ್ ಆಗಿ, ಎರಡನೆಯದರ ವಿದ್ಯಾರ್ಥಿಯ ಐಡಿ ಕೊಟ್ಟು ಕೇಳಿ. ಖಾಲಿ ಉತ್ತರ ಬರಬೇಕು. ಲಾಗಿನ್ ಇಲ್ಲದೆಯೂ ಕೇಳಿ ನೋಡಿ. ಈ ಪರೀಕ್ಷೆ ಪಾಸಾಗುವವರೆಗೆ ನಿಜವಾದ ಒಂದು ಹೆಸರನ್ನೂ ಒಳಗೆ ಹಾಕಬೇಡಿ. 'ಸೀಕ್ರೆಟ್' (ಹಳೆಯ ಹೆಸರು 'ಸರ್ವೀಸ್ ರೋಲ್') ಅನ್ನುವ ಇನ್ನೊಂದು ಕೀ ಇದೆ, ಅದು ಈ ಬೀಗಗಳನ್ನೆಲ್ಲ ದಾಟಿ ಹೋಗುತ್ತದೆ. ಅದು ಬ್ರೌಸರ್ ಕೋಡ್‌ನಲ್ಲಿ ಎಲ್ಲೂ ಕಾಣಬಾರದು.

ಇನ್ನೆರಡು ಸಣ್ಣ ಮಾತು. ದುಡ್ಡನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ದಶಮಾಂಶದಲ್ಲಿ ಬೇಡ. ರಸೀದಿಗೆ ಅಳಿಸುವ ಬಟನ್ ಕೊಡಬೇಡಿ, ರದ್ದು ಮಾಡುವ ಬಟನ್ ಕೊಡಿ. ಕಾರ್ಬನ್ ಪುಸ್ತಕದಲ್ಲೂ ಮೇಷ್ಟ್ರು ಹಾಳೆ ಹರಿಯುತ್ತಿರಲಿಲ್ಲ, ಗೀಟು ಹಾಕಿ 'ರದ್ದು' ಅಂತ ಬರೆಯುತ್ತಿದ್ದರು. ನಂಬರು ತಪ್ಪಿದ ರಸೀದಿ ಕಂಡರೆ ಅವರಿಗೆ ಅನುಮಾನ ಬರುತ್ತದೆ, ಅದು ಸರಿಯೇ.

ರಜೆಯಲ್ಲಿ ಬೀಳುವ ಹಳ್ಳ ಒಂದಿದೆ. ಒಂದು ವಾರ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಸುಪಾಬೇಸ್ ಉಚಿತ ಪ್ರಾಜೆಕ್ಟನ್ನು ನಿಲ್ಲಿಸುತ್ತದೆ. ಏಪ್ರಿಲ್–ಮೇ ರಜೆಯಲ್ಲಿ ಸಣ್ಣ ಸೆಂಟರ್‌ಗಳು ಬಾಗಿಲು ಹಾಕುತ್ತವೆ. ಜೂನ್ ಒಂದಕ್ಕೆ ಹೊಸ ಮಕ್ಕಳು ಸಾಲಾಗಿ ನಿಂತಿರುವಾಗ ಲಾಗಿನ್ನೇ ಆಗುವುದಿಲ್ಲ. ನಿಂತ ಪ್ರಾಜೆಕ್ಟನ್ನು 90 ದಿನದೊಳಗೆ ಡ್ಯಾಶ್‌ಬೋರ್ಡ್‌ನಿಂದ ಮತ್ತೆ ಎಬ್ಬಿಸಬಹುದು. ನಿಲ್ಲಿಸುವ ಮೊದಲು ಇಮೇಲ್ ಬರುತ್ತದೆ, ಆ ಇಮೇಲ್ ಖಾತೆಯನ್ನು ರಜೆಯಲ್ಲೂ ನೋಡುತ್ತಿರಿ.

ಹಂತ 5: ಬ್ಯಾಕಪ್

ಉಚಿತ ಪ್ಲಾನ್‌ನಲ್ಲಿ ಸುಪಾಬೇಸ್ ತಾನಾಗಿ ಬ್ಯಾಕಪ್ ಇಟ್ಟುಕೊಡುವುದಿಲ್ಲ. ನೀವೇ ಮಾಡಬೇಕು, ಪುಕ್ಕಟೆಯಾಗಿಯೇ ಆಗುತ್ತದೆ.

ಹೇಳಿದ ಹೊತ್ತಿಗೆ ಕೆಲಸವನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಖಾಸಗಿ ರೆಪೊಗಳಿಗೆ ತಿಂಗಳಿಗೆ 2,000 ನಿಮಿಷ ಸಿಗುತ್ತದೆ. ರಾತ್ರಿ ಒಮ್ಮೆ ಪಿಜಿ ಡಂಪ್ (ಪೋಸ್ಟ್‌ಗ್ರೆಸ್‌ನ ಡಂಪ್ ತೆಗೆಯುವ ಪ್ರೋಗ್ರಾಂ) ಓಡಿಸಿ, ಫೈಲನ್ನು ಪಾಸ್‌ವರ್ಡ್ ಹಾಕಿ ಮುಚ್ಚಿ, ಕ್ಲೌಡ್‌ಫ್ಲೇರ್‌ನ ಆರ್2 ಜಾಗಕ್ಕೆ ಕಳಿಸುವ ಕೆಲಸ ಅಲ್ಲಿ ಇಡಿ. ಎರಡು ನಿಮಿಷ ಹಿಡಿದರೂ ತಿಂಗಳಿಗೆ 60 ನಿಮಿಷ. ಆರ್2ದಲ್ಲಿ 10 ಜಿಬಿವರೆಗೆ ಪುಕ್ಕಟೆ. ಡೇಟಾಬೇಸ್ ಒಂದು ಕಂಪನಿಯಲ್ಲಿ, ನಕಲು ಇನ್ನೊಂದರಲ್ಲಿ ಇರುವುದೇ ಇದರ ಲಾಭ.

ಮೊದಲ ಸಲ ಇದು ಕೈಕೊಡುವುದು ಸಾಮಾನ್ಯ. ಕಾರಣಗಳು ಹೆಚ್ಚಾಗಿ ಇವೇ. ಸುಪಾಬೇಸ್‌ನ ನೇರ ವಿಳಾಸ ಐಪಿವಿ6 ಅನ್ನುವ ಹೊಸ ಬಗೆಯ ಇಂಟರ್‌ನೆಟ್ ವಿಳಾಸದಲ್ಲಿ ಓಡುತ್ತದೆ, ಗಿಟ್‌ಹಬ್‌ನ ಯಂತ್ರಗಳಿಗೆ ಅದು ಸಿಗುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ 'ಸೆಷನ್ ಪೂಲರ್' ಅಂತ ಕೊಟ್ಟಿರುವ ವಿಳಾಸ ಬಳಸಿ. ಪಿಜಿ ಡಂಪ್‌ನ ಆವೃತ್ತಿ ಡೇಟಾಬೇಸ್‌ನ ಆವೃತ್ತಿಗಿಂತ ಹಳೆಯದಾಗಿದ್ದರೆ ಅದು ಓಡಲು ಒಪ್ಪುವುದಿಲ್ಲ, ಹೊಸದನ್ನು ಹಾಕಿಸಿ. ಸಮಯ ಕೂಡ ನಮ್ಮದಲ್ಲ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ). ನಮ್ಮ ರಾತ್ರಿ ಎರಡೂವರೆಗೆ ಬೇಕಿದ್ದರೆ 21:00 ಅಂತ ಬರೆಯಬೇಕು.

ತಿಂಗಳಿಗೊಮ್ಮೆ ಆ ಫೈಲನ್ನು ಇಳಿಸಿಕೊಂಡು ನಿಮ್ಮ ಲ್ಯಾಪ್‌ಟಾಪ್‌ನ ಪೋಸ್ಟ್‌ಗ್ರೆಸ್‌ಗೆ ತುಂಬಿ. ರಸೀದಿಗಳ ಸಂಖ್ಯೆ ಎರಡೂ ಕಡೆ ಒಂದೇ ಬಂತಾ ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಹಂತ 6: ಲಾಗಿನ್ ಮತ್ತು ಸಂದೇಶ

ಎಲ್ಲರಿಗೂ ಮೊದಲು ಹೊಳೆಯುವುದು ಫೋನ್‌ಗೆ ಒಟಿಪಿ ಕಳಿಸುವುದು. ಅದನ್ನು ಈಗಲೇ ಬಿಟ್ಟುಬಿಡಿ. ನಮ್ಮಲ್ಲಿ ವ್ಯಾಪಾರದ ಎಸ್‌ಎಂಎಸ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದಂತೆ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ ಆಗಬೇಕು, ಹೆಡರ್ (ಕಳಿಸುವವರ ಹೆಸರಾಗಿ ಕಾಣುವ ಕೋಡ್) ಮತ್ತು ಸಂದೇಶದ ಮಾದರಿ ಒಪ್ಪಿಗೆ ಪಡೆಯಬೇಕು. ಮೇಲೆ ಸಂದೇಶಕ್ಕಿಷ್ಟು ದುಡ್ಡು. ಕನ್ನಡದಲ್ಲಾದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ, ಇಂಗ್ಲಿಷಿನ 160 ಅಲ್ಲ. ಒತ್ತು, ಗುಣಿತದ ಚಿಹ್ನೆಗಳೂ ಆ ಎಪ್ಪತ್ತರಲ್ಲೇ ಎಣಿಕೆಗೆ ಬರುತ್ತವೆ.

ಆಂಡ್ರಾಯ್ಡ್ ಫೋನ್ ಇರುವ ಮೇಷ್ಟ್ರಿಗೆ ಗೂಗಲ್ ಖಾತೆ ಇದ್ದೇ ಇರುತ್ತದೆ. 'ಗೂಗಲ್ ಮೂಲಕ ಒಳಗೆ ಬನ್ನಿ' ಅನ್ನುವ ಬಟನ್ ಸಾಕು. ಸುಪಾಬೇಸ್‌ನಲ್ಲಿ ಅದಕ್ಕೆ ದುಡ್ಡಿಲ್ಲ.

ಇಮೇಲ್ ಕಳಿಸಲು ಸುಪಾಬೇಸ್‌ನ ಒಳಗೇ ಇರುವ ವ್ಯವಸ್ಥೆ ಪರೀಕ್ಷೆಗಷ್ಟೇ. ಅದು ನಿಮ್ಮ ತಂಡದವರ ವಿಳಾಸಕ್ಕೆ ಮಾತ್ರ, ಅದೂ ಗಂಟೆಗೆ ಬೆರಳೆಣಿಕೆಯಷ್ಟು ಕಳಿಸುತ್ತದೆ. ಇಮೇಲ್ ಕಳಿಸಿಕೊಡುವ ರೀಸೆಂಡ್ ಸೇವೆ ಜೋಡಿಸಿ, ತಿಂಗಳಿಗೆ 3,000, ದಿನಕ್ಕೆ 100 ಪುಕ್ಕಟೆ. ಅಂಥದ್ದೇ ಇನ್ನೊಂದು ಸೇವೆ ಬ್ರೆವೋದಲ್ಲಿ ದಿನಕ್ಕೆ 300. ಯಾವುದೇ ಆದರೂ ಡೊಮೇನ್‌ಗೆ ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಮ್ಮಿಂದಲೇ ಬಂದದ್ದು ಅಂತ ತೋರಿಸುವ) ದಾಖಲೆಗಳನ್ನು ಹಾಕಬೇಕು, 2024ರ ಫೆಬ್ರವರಿಯಿಂದ ಜಿಮೇಲ್ ಇದರಲ್ಲಿ ಬಿಗಿಯಾಗಿದೆ. ಒಂದೇ ಹೆಸರಿಗೆ ಎರಡು ಎಸ್‌ಪಿಎಫ್ ದಾಖಲೆ ಇಡಬೇಡಿ. ಜೋಹೋದ್ದು ಒಂದು, ಇನ್ನೊಬ್ಬರದ್ದು ಒಂದು ಅಂತ ಹಾಕಿದರೆ ಎರಡೂ ಕೆಡುತ್ತವೆ. ಒಂದೇ ಸಾಲಿನಲ್ಲಿ ಸೇರಿಸಿ.

ಅಪ್ಪ ಅಮ್ಮಂದಿರಿಗೆ ನೆನಪಿಸುವುದಕ್ಕೆ ವಾಟ್ಸ್‌ಆ್ಯಪ್ಪೇ ಸರಿ. ಆ್ಯಪ್‌ನಿಂದ ತಾನಾಗಿ ಸಂದೇಶ ಕಳಿಸುವ ಅದರ ಎಪಿಐಗೆ ದುಡ್ಡು ಬೇಕು, ಆದರೆ ಚಾಟ್ ತೆರೆಯುವ ಲಿಂಕ್ ಪುಕ್ಕಟೆ. ಬಾಕಿ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಹಸಿರು ಬಟನ್ ಇಡಿ. ಒತ್ತಿದರೆ ಮೇಷ್ಟ್ರ ಫೋನಿನಲ್ಲೇ ಆ ಅಪ್ಪನ ಚಾಟ್ ತೆರೆದು, ಸಂದೇಶ ಮೊದಲೇ ತುಂಬಿರುತ್ತದೆ: 'ನಮಸ್ಕಾರ, ನಿಮ್ಮ ಮಗಳು ಕಾವ್ಯಳ ಜುಲೈ ತಿಂಗಳ ಟ್ಯೂಷನ್ ಫೀಸು ₹800 ಬಾಕಿ ಇದೆ. 10ನೇ ತಾರೀಖಿನೊಳಗೆ ದಯವಿಟ್ಟು ತಲುಪಿಸಿ.' ಕಳಿಸುವ ಗುಂಡಿ ಅವರೇ ಒತ್ತುತ್ತಾರೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಯಾರ ಮನೆಯಲ್ಲಿ ಕಷ್ಟ ಇದೆ, ಯಾರಿಗೆ ಈ ತಿಂಗಳು ಕೇಳಬಾರದು ಅನ್ನುವುದು ಮೇಷ್ಟ್ರಿಗೆ ಗೊತ್ತಿರುತ್ತದೆ. ತಾನಾಗಿ ಎಲ್ಲರಿಗೂ ಹೋಗುವ ಸಂದೇಶಕ್ಕೆ ಅದು ಗೊತ್ತಿರುವುದಿಲ್ಲ.

ಹಂತ 7: ಕನ್ನಡ ಸರಿಯಾಗಿ ಕಾಣುವಂತೆ ಮಾಡುವುದು

ದೊಡ್ಡ ಕಂಪನಿಗಳು ಕೈಹಾಕದ ಜಾಗ ಇದು. ಹಾಗಾಗಿಯೇ ನಿಮಗೆ ಅವಕಾಶ.

ಪುಟಗಳಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಬಳಸಿ, ಎರಡೂ ಮುಕ್ತ ಲೈಸೆನ್ಸಿನವು. ರಸೀದಿಯ ಪಿಡಿಎಫ್ ಮಾಡುವಾಗ ಮಾತ್ರ ಎಚ್ಚರ. ಬ್ರೌಸರ್‌ನಲ್ಲಿ ಪಿಡಿಎಫ್ ಕಟ್ಟುವ ಜೆಎಸ್‌ಪಿಡಿಎಫ್ ತರಹದ ಲೈಬ್ರರಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. 'ಶ್ರೀನಿವಾಸ' ಅಂತ ಕಳಿಸಿದರೆ ಶಕಾರ ಒಂದು ಕಡೆ, ರಕಾರ ಇನ್ನೊಂದು ಕಡೆ ಒಡೆದು ಬೀಳುತ್ತದೆ. ಸುಲಭದ ದಾರಿ: ರಸೀದಿಯನ್ನು ಮಾಮೂಲಿ ಪುಟವಾಗಿ ಬರೆದು, ಬ್ರೌಸರ್‌ನ ಪ್ರಿಂಟ್ ಆಯ್ಕೆಯಿಂದಲೇ ಪಿಡಿಎಫ್ ಆಗಿ ಉಳಿಸುವುದು. ಅಕ್ಷರ ಜೋಡಿಸುವುದು ಬ್ರೌಸರ್‌ಗೆ ಚೆನ್ನಾಗಿ ಗೊತ್ತು.

ಹಳೆಯ ಪಟ್ಟಿ ತರುವಾಗ ಇನ್ನೊಂದು ತೊಡಕು. ಮೇಷ್ಟ್ರು ಕೊಡುವ ಎಕ್ಸೆಲ್ ಫೈಲ್ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿರಬಹುದು. ಅವರ ಕಂಪ್ಯೂಟರ್‌ನಲ್ಲಿ ಚೆಂದ ಕನ್ನಡ, ನಿಮ್ಮ ಆ್ಯಪ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಅದನ್ನು ಯೂನಿಕೋಡ್‌ಗೆ ತಿರುಗಿಸುವ ಪುಕ್ಕಟೆ ಪರಿವರ್ತಕಗಳಿವೆ. ತಿರುಗಿಸಿದ ಮೇಲೆ ಒತ್ತಕ್ಷರ ಇರುವ ಹೆಸರುಗಳನ್ನು ಮೇಷ್ಟ್ರ ಪಕ್ಕ ಕೂತು ಒಂದೊಂದಾಗಿ ನೋಡಿ. ಈ ಒಂದು ಗಂಟೆಯಲ್ಲಿ ಗಳಿಸುವ ವಿಶ್ವಾಸ ಯಾವ ಜಾಹೀರಾತಿನಿಂದಲೂ ಬರುವುದಿಲ್ಲ.

ಹಂತ 8: ದುಡ್ಡು ತಗೊಳ್ಳುವುದು, ಕಾಗದಪತ್ರ

ಮೊದಲ ಹತ್ತು ಗಿರಾಕಿಗಳಿಗೆ ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ದುಡ್ಡು ವಸೂಲಿ ಮಾಡಿಕೊಡುವ ಸೇವೆ) ಬೇಕಿಲ್ಲ. ಮೊತ್ತ ತುಂಬಿರುವ ಯುಪಿಐ ಕ್ಯೂಆರ್ ತೋರಿಸಿ, ದುಡ್ಡು ಬಂದ ಮೇಲೆ ನೀವೇ ಅವರ ಖಾತೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ. 2020ರ ಜನವರಿಯಿಂದ ಯುಪಿಐಗೆ ಎಂಡಿಆರ್ (ದುಡ್ಡು ತಗೊಳ್ಳುವ ವ್ಯಾಪಾರಿ ಕಟ್ಟುವ ಶುಲ್ಕ) ಇಲ್ಲ. ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 12 ಅಂಕಿಯ ಯುಟಿಆರ್ (ವಹಿವಾಟಿನ ಸಂಖ್ಯೆ) ನೋಡಿ.

ಗಿರಾಕಿಗಳು ಜಾಸ್ತಿಯಾದಾಗ ಗೇಟ್‌ವೇ. ನಮ್ಮ ಬೆಂಗಳೂರಿನ ರೇಜರ್‌ಪೇ ಸಾಮಾನ್ಯ ದರ 2%, ಅದರ ಮೇಲೆ 18% ಜಿಎಸ್‌ಟಿ. ₹3,000ಕ್ಕೆ ₹60 ಮತ್ತು ₹10.80 ಹೋಗಿ ₹2,929.20 ಕೈಗೆ ಬರುತ್ತದೆ. ಅರ್ಜಿ ಹಾಕುವ ಮೊದಲು ಸೈಟ್‌ನಲ್ಲಿ ಷರತ್ತುಗಳು, ಗೋಪ್ಯತೆ, ಹಣ ವಾಪಸಾತಿ, ಸಂಪರ್ಕ ಈ ನಾಲ್ಕು ಪುಟ ಇರಲಿ. ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ.

ಕಂಪನಿ ನೋಂದಣಿಗೆ ಈಗಲೇ ಓಡಬೇಡಿ. ನಿಮ್ಮ ಹೆಸರಿನ ಒಡೆತನದ ವ್ಯಾಪಾರವಾಗಿಯೇ ನಡೆಸಬಹುದು. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಕರೆಂಟ್ ಅಕೌಂಟ್ ತೆರೆಯಲು ಸಹಾಯಕ್ಕೆ ಬರುತ್ತದೆ. ಸರ್ಕಾರದ ಜಾಲತಾಣದಲ್ಲಿ ಆಧಾರ್, ಪ್ಯಾನ್ ಇದ್ದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಹುಡುಕಿದಾಗ ಮೇಲೆ ಬರುವ, ದುಡ್ಡು ಕೇಳುವ ತಾಣಗಳೆಲ್ಲ ದಲ್ಲಾಳಿಗಳದ್ದು.

ಸೇವೆಗಳಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು ₹20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿ ವಸೂಲಿ ಮಾಡುವಂತಿಲ್ಲ. ವಿದೇಶದ ಸೇವೆಗಳಿಗೆ ದುಡ್ಡು ಕಟ್ಟಲು ಶುರು ಮಾಡಿದಾಗ ಒಮ್ಮೆ ಲೆಕ್ಕಪರಿಶೋಧಕರ ಹತ್ತಿರ ಕೇಳಿಕೊಳ್ಳಿ, ಅಲ್ಲಿ ನಿಯಮ ಸ್ವಲ್ಪ ಬೇರೆ.

ಹಂತ 9: ಮಕ್ಕಳ ಮಾಹಿತಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಇಡಲು ಪಾಲಕರ ಒಪ್ಪಿಗೆ ಬೇಕು. ನಿಮ್ಮ ಆ್ಯಪ್‌ನಲ್ಲಿರುವುದು ಬಹುಪಾಲು ಇವರೇ. ಆಧಾರ್ ನಂಬರು, ಜಾತಿ, ಹುಟ್ಟಿದ ದಿನ ಯಾವುದೂ ಫೀಸಿನ ಲೆಕ್ಕಕ್ಕೆ ಬೇಡ, ಆ ಕಾಲಂಗಳನ್ನೇ ಇಡಬೇಡಿ. ಸೇರುವ ಅರ್ಜಿಯ ಕೆಳಗೆ ಪಾಲಕರ ಒಪ್ಪಿಗೆಯ ಎರಡು ಸಾಲು, ಸಹಿ ತಗೊಳ್ಳಲು ಮೇಷ್ಟ್ರಿಗೆ ಹೇಳಿ. ಬಿಟ್ಟು ಹೋದ ಸೆಂಟರ್‌ನ ಡೇಟಾವನ್ನು ಅವರಿಗೆ ಎಕ್ಸೆಲ್‌ನಲ್ಲಿ ಕೊಟ್ಟು, ನಿಮ್ಮಲ್ಲಿರುವುದನ್ನು ಅಳಿಸಿ.

ಹಂತ 10: ಕಣ್ಣಿಡುವುದು, ಕಾರ್ಡ್ ಕೊಡುವುದು

ಆ್ಯಪ್‌ನಲ್ಲಿ ದೋಷ ಬಂದರೆ ಗಿರಾಕಿ ಫೋನ್ ಮಾಡುವ ಮೊದಲೇ ನಿಮಗೆ ಗೊತ್ತಾಗಬೇಕು. ಅದನ್ನು ತಿಳಿಸುವ ಸೆಂಟ್ರಿಯ ಉಚಿತ ಪ್ಲಾನ್ ಒಬ್ಬರಿಗೆ, ತಿಂಗಳಿಗೆ 5,000 ದೋಷಗಳವರೆಗೆ ಸಾಕು. ಸೈಟ್ ಎದ್ದಿದೆಯೇ ಅಂತ ನೋಡುವ ಸೇವೆಗಳೂ ಪುಕ್ಕಟೆ ಸಿಗುತ್ತವೆ, ಕೆಲವಕ್ಕೆ ವ್ಯಾಪಾರಕ್ಕಿಲ್ಲ ಅನ್ನುವ ಷರತ್ತಿದೆ, ಓದಿ ಸೇರಿ.

ಕಾರ್ಡ್ ಕೇಳುವ ಸೇವೆಗಳ ಹತ್ತಿರ ಹುಷಾರು. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್ 2025ರ ಜುಲೈ 15ರಿಂದ ಹೊಸ ಖಾತೆಗಳಿಗೆ 200 ಡಾಲರ್‌ವರೆಗೆ ಕ್ರೆಡಿಟ್, ಆರು ತಿಂಗಳ ಉಚಿತ ಪ್ಲಾನ್ ಕೊಡುತ್ತಿದೆ. ಕಲಿಯಲು ಒಳ್ಳೆಯದು, ವರ್ಷಗಟ್ಟಲೆ ನಡೆಯಬೇಕಾದ ಸಣ್ಣ ವ್ಯಾಪಾರಕ್ಕೆ ಸರಿಹೊಂದುವುದಿಲ್ಲ. ದುಡ್ಡು ಕಟ್ಟುವ ಪ್ಲಾನ್‌ಗೆ ಹೋದ ಮೇಲೆ ಬಜೆಟ್ ಎಚ್ಚರಿಕೆ ಹಾಕಿದರೆ ಇಮೇಲ್ ಬರುತ್ತದೆ ಅಷ್ಟೇ, ಮೀಟರ್ ತಾನಾಗಿ ನಿಲ್ಲುವುದಿಲ್ಲ. ಆರ್2ಕ್ಕೂ ಕಾರ್ಡ್ ಬೇಕು. ದಿನದ ಮಿತಿ ಕಡಿಮೆ ಇಟ್ಟ ಬೇರೆ ಕಾರ್ಡನ್ನೇ ಇದಕ್ಕೆಲ್ಲ ಕೊಡಿ.

ಯಾವಾಗ ದುಡ್ಡು ಕಟ್ಟಬೇಕು

ಸುಪಾಬೇಸ್‌ನ ಪ್ರೊ ಪ್ಲಾನ್ ತಿಂಗಳಿಗೆ 25 ಡಾಲರ್. ಡಾಲರ್‌ಗೆ ₹90 ಅಂತ ಹಿಡಿದರೆ ವರ್ಷಕ್ಕೆ ₹27,000. ಹತ್ತು ಸೆಂಟರ್‌ನಿಂದ ಬರುವುದು ₹30,000, ಅಂದರೆ ಬಂದದ್ದು ಹೆಚ್ಚುಕಮ್ಮಿ ಎಲ್ಲ ಅಲ್ಲಿಗೇ ಹೋಯಿತು. ಇಪ್ಪತ್ತೈದು ಸೆಂಟರ್ ಆದರೆ ₹75,000, ಆಗ ಕಟ್ಟಬಹುದು. ದಿನದ ಬ್ಯಾಕಪ್ ತಾನಾಗಿ ಆಗುತ್ತದೆ, ರಜೆಯಲ್ಲಿ ನಿಲ್ಲುವ ಕಾಟ ಇರುವುದಿಲ್ಲ. ನಿಮ್ಮ ಸ್ವಂತ ರಾತ್ರಿ ಬ್ಯಾಕಪ್ ಮಾತ್ರ ಆಗಲೂ ನಿಲ್ಲಿಸಬೇಡಿ. ಅಲ್ಲಿಯವರೆಗಿನ ಹತ್ತರಿಂದ ಇಪ್ಪತ್ತೈದರ ನಡುವಿನ ಕಾಲವೇ ಉಚಿತ ಪ್ಲಾನ್‌ಗಳು ನಿಜವಾಗಿ ಕಾಪಾಡುವ ಕಾಲ.

ಇಷ್ಟರಲ್ಲಿ ಇನ್ನೊಂದು ಆಯ್ಕೆ ಕಾಣುತ್ತದೆ: ಕಮ್ಮಿ ದರದ ವಿಪಿಎಸ್ (ಕ್ಲೌಡ್‌ನಲ್ಲಿರುವ ಸಣ್ಣ ಸರ್ವರ್) ಬಾಡಿಗೆಗೆ ತಗೊಂಡು ಪೋಸ್ಟ್‌ಗ್ರೆಸ್ ನೀವೇ ನಡೆಸುವುದು. ದುಡ್ಡು ಉಳಿಯುತ್ತದೆ, ಆದರೆ ಅಪ್‌ಡೇಟ್, ಡಿಸ್ಕ್ ತುಂಬುವುದು, ರಾತ್ರಿ ಸರ್ವರ್ ಬೀಳುವುದು ಎಲ್ಲ ನಿಮ್ಮ ತಲೆಗೆ. ಒಬ್ಬರೇ ಇದ್ದು ಹಗಲು ಬೇರೆ ಕೆಲಸವೂ ಮಾಡುತ್ತಿದ್ದರೆ ನಾನು ಪ್ರೊ ಪ್ಲಾನ್ ಕಡೆಗೇ ಕೈತೋರಿಸುತ್ತೇನೆ.

ಯಾವ ಕಡೆ ಸಾಗಿಸುವುದಾದರೂ ಏಪ್ರಿಲ್ ಕೊನೆಯ ವಾರ ಆರಿಸಿ, ಫೀಸಿನ ವಹಿವಾಟು ಆಗ ತೀರಾ ಕಮ್ಮಿ. ಎರಡು ದಿನ ಮೊದಲು ಎಲ್ಲ ಮೇಷ್ಟ್ರಿಗೂ ವಾಟ್ಸ್‌ಆ್ಯಪ್ ಮಾಡಿ, 'ಭಾನುವಾರ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಆ್ಯಪ್ ಇರುವುದಿಲ್ಲ' ಅಂತ ತಿಳಿಸಿ. ಕೊನೆಯ ಡಂಪ್ ತೆಗೆಯುವ ಮೊದಲು ಹಳೆಯ ಕಡೆ ಬರೆಯುವುದನ್ನು ನಿಲ್ಲಿಸಿ. ಹೊಸ ಕಡೆ ತುಂಬಿದ ಮೇಲೆ ರಸೀದಿಗಳ ಎಣಿಕೆ ಮತ್ತು ಒಟ್ಟು ಮೊತ್ತ ಎರಡನ್ನೂ ತಾಳೆ ನೋಡಿ, ಆಮೇಲೆ ಆ್ಯಪನ್ನು ಹೊಸ ವಿಳಾಸಕ್ಕೆ ತಿರುಗಿಸಿ. ಹಳೆಯ ಪ್ರಾಜೆಕ್ಟನ್ನು ಒಂದು ತಿಂಗಳು ಹಾಗೆಯೇ ಬಿಟ್ಟಿರಿ.